ಗುದ್ದಲಿ ಕಾವಿಗೆ ಕರಿಜಾಲಿ: ಮರ ಆರಿಸುವುದರಿಂದ ಬೆಣೆ ಹೊಡೆಯುವವರೆಗೆ

ಶಿರಾ, ಮಧುಗಿರಿ, ಪಾವಗಡ ಕಡೆ ಕೆರೆಯಂಗಳಗಳಲ್ಲಿ ಕರಿಜಾಲಿ ಕಂಡೇ ಕಾಣುತ್ತದೆ. ಗೊಬ್ಬಳಿ ಅಂತಲೂ ಕರೆಯುತ್ತಾರೆ. ಕೆರೆ ತುಂಬಿ ವಾರಗಟ್ಟಲೆ ಬುಡ ನೀರಿನಲ್ಲಿದ್ದರೂ ಈ ಮರ ಸಾಯುವುದಿಲ್ಲ, ಕೆರೆ ಬತ್ತಿದಾಗ ಬಿರುಬೇಸಿಗೆಗೂ ಜಗ್ಗುವುದಿಲ್ಲ. ಗಾಡಿ ಚಕ್ರ, ನೇಗಿಲು, ಕುಂಟೆ, ಗಾಣ ಎಲ್ಲಕ್ಕೂ ಹಿಂದೆ ಇದೇ ಬೇಕಿತ್ತು. ಈಗ ಸುಮಾರು ಜನ ಗುದ್ದಲಿಗೆ ನೀಲಗಿರಿ ಕಾವನ್ನು, ಅಂದರೆ ಮರದ ಹಿಡಿಯನ್ನು, ಕೊಂಡು ತಂದು ಸಿಕ್ಕಿಸುತ್ತಾರೆ. ನೀಲಗಿರಿಯ ಎಳೆ ಹಗ್ಗದ ಹುರಿಯ ಹಾಗೆ ತಿರುಚಿಕೊಂಡು ಬೆಳೆಯುವುದೇ ಹೆಚ್ಚು. ಒಣಗುತ್ತಾ ಕಾವು ಸೊಟ್ಟಗಾಗುತ್ತದೆ, ಇಲ್ಲವೇ ಸೀಳುತ್ತದೆ. ಊರಲ್ಲೇ ಒಳ್ಳೆ ಮರ ಇರುವಾಗ ಇದು ಯಾಕೆ ಬೇಕು?

ಕರಿಜಾಲಿ ತೇಗಕ್ಕಿಂತ ಸುಮಾರು ಎರಡು ಪಟ್ಟು ಗಡಸು. ತೂಕವೂ ಜಾಸ್ತಿ: ಒಣಗಿದ ಮರ ಘನ ಮೀಟರಿಗೆ 800 ಕೆ.ಜಿ.ಯ ಆಸುಪಾಸು ಬರುತ್ತದೆ, ತೇಗ 650ರ ಆಸುಪಾಸು. ಆದರೆ ಕಾವಿಗೆ ಬೇಕಾದ ಗುಣ ಗಡಸುತನ ಒಂದೇ ಅಲ್ಲ. ಕಲ್ಲಿಗೆ ಬಡಿದಾಗ ಏಟನ್ನು ತಡೆದುಕೊಳ್ಳಬೇಕು, ಪಟ್ಟನೆ ಮುರಿಯಬಾರದು. ಈ ಮರದ ಹೆಚ್ಚುಗಾರಿಕೆ ಅದೇ.

ಮೊದಲು ಮರ ಗುರುತಿಸಿ. ಬಳ್ಳಾರಿ ಜಾಲಿಯೂ ಅದೇ ಕೆರೆಯಂಗಳದಲ್ಲಿ ಇರುತ್ತದೆ, ಅದು ಬೇರೆ ಮರ. ಕರಿಜಾಲಿಯ ತೊಗಟೆ ಕಪ್ಪು, ಉದ್ದುದ್ದ ಬಿರುಕು. ಹೂವು ಹಳದಿ ಉಂಡೆ. ಕಾಯಿ ಬೂದು ಬಣ್ಣ, ಒಂದೊಂದು ಬೀಜಕ್ಕೂ ನಡುವೆ ಸೊಂಟ ಹಿಡಿದಂತೆ ಕಿರಿದಾಗಿರುತ್ತದೆ. ಬಳ್ಳಾರಿ ಜಾಲಿಯಲ್ಲಿ ಹೂವು ಉದ್ದನೆ ತೆನೆ, ಕಾಯಿ ಮಾಸಲು ಹಳದಿ. ಇನ್ನೊಂದು ಮಾತು: ಕೆರೆಯಂಗಳದ ಮರ ನಮ್ಮ ಸ್ವಂತದ್ದಲ್ಲ, ಅದಕ್ಕೆ ಕೊಡಲಿ ಹಾಕಬೇಡಿ. ಸ್ವಂತ ಬದುವಿನ ಮರವಾದರೂ ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಂಡೇ ಕಡಿಯಿರಿ. ಎಷ್ಟೋ ಸಲ ಗಾಳಿಗೆ ಬಿದ್ದ ದಪ್ಪ ಕೊಂಬೆಯೇ ಸಾಕಾಗುತ್ತದೆ.

ದಿಂಡು 8-10 ಅಂಗುಲ ದಪ್ಪ ಇರಲಿ. ಕಾವಿನಷ್ಟೇ ದಪ್ಪದ ಕೊಂಬೆಯನ್ನು ಹಾಗೇ ಸಿಕ್ಕಿಸುವ ರೂಢಿ ಇದೆ, ಅದು ಬೇಡ. ಸಣ್ಣ ಕೊಂಬೆಯ ಬಹುಪಾಲು ಹೊರಗಿನ ಬಿಳಿ ಮರವೇ ಆಗಿರುತ್ತದೆ. ಆ ಬಿಳಿ ಭಾಗದಲ್ಲಿ ಪಿಷ್ಟ ಇರುವುದರಿಂದ ಹುಳು ಹಿಡಿದು ಹಿಟ್ಟು ಉದುರುತ್ತದೆ. ನಮಗೆ ಬೇಕಾದದ್ದು ಚೇಗು, ಅಂದರೆ ಒಳಗಿನ ಗಟ್ಟಿ ಮರ. ಹಸಿಯಲ್ಲಿ ನಸುಗೆಂಪು, ಗಾಳಿ ತಾಗಿದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ದಿಂಡಿನ ನಟ್ಟನಡುವಿನ ಭಾಗವನ್ನೂ ಬಿಡಿ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ.

ಇನ್ನು ಸೀಳುವ ಕೆಲಸ. ಗರಗಸದಲ್ಲಿ ಉದ್ದಕ್ಕೆ ಕೊಯ್ಯಬೇಡಿ, ಬೆಣೆ ಹೊಡೆದು ಸೀಳಿ. ಗರಗಸ ತನ್ನ ದಾರಿಯಲ್ಲಿ ಹೋಗುತ್ತದೆ, ಎಳೆ ಎಲ್ಲಿ ತುಂಡಾಯಿತು ಅಂತ ಗೊತ್ತೇ ಆಗುವುದಿಲ್ಲ. ಸೀಳಿದರೆ ಮರ ತನ್ನ ಎಳೆಯ ಉದ್ದಕ್ಕೇ ಬಿಡುತ್ತದೆ. ಒಂದು ತುದಿಯ ಎಳೆ ಇನ್ನೊಂದು ತುದಿಯವರೆಗೆ ನಿಲ್ಲದೆ ಹೋಗಿರಬೇಕು. ಅಡ್ಡ ಹೊರಟು ಮಧ್ಯದಲ್ಲೇ ಪಕ್ಕಕ್ಕೆ ಇಳಿದಿದ್ದರೆ ಕಾವು ಎಷ್ಟೇ ದಪ್ಪ ಇದ್ದರೂ ಅಲ್ಲೇ ಮುರಿಯುತ್ತದೆ. ಅಂಥದ್ದನ್ನು ಒಲೆಗೆ ಹಾಕಿ, ಜಾಲಿ ಸೌದೆ ಶಾಖ ಚೆನ್ನಾಗಿ ಕೊಡುತ್ತದೆ. ಗಂಟು ಇರುವ ಸೀಳೂ ಬೇಡ.

ಹಸಿ ಇರುವಾಗಲೇ ಬಾಚಿಯಲ್ಲಿ (ಮರ ಕೆತ್ತುವ ಅಡ್ಡ ಬಾಯಿಯ ಕೊಡಲಿ) ಒರಟು ರೂಪ ಕೊಟ್ಟುಬಿಡಿ. ಒಣಗಿದ ಮೇಲೆ ಜಾಲಿ ಉಳಿಯ ಬಾಯಿಯನ್ನೇ ಮೊಂಡು ಮಾಡುತ್ತದೆ. ಸುತ್ತಲೂ ಅರ್ಧ ಅಂಗುಲ ಹೆಚ್ಚಿಗೆ ಬಿಡಿ, ಒಣಗುವಾಗ ಕುಗ್ಗುತ್ತದೆ.

ಆಮೇಲೆ ಕೆಲವು ವಾರ ನೀರಿನಲ್ಲಿ ಮುಳುಗಿಸಿಡಿ. ಕೆರೆ, ಕೃಷಿಹೊಂಡ, ತೊಟ್ಟಿ ಯಾವುದಾದರೂ ಸರಿ, ಮೇಲೆ ಕಲ್ಲು ಹೇರಿ. ಮರದ ರಸ ನೀರಿಗೆ ಬಿಡುತ್ತದೆ, ಹುಳು ಬೀಳುವುದು ಕಡಿಮೆಯಾಗುತ್ತದೆ. ತೆಗೆದ ತಕ್ಷಣ ಎರಡೂ ತುದಿಗೆ ಮೇಣವನ್ನೋ ಹಳೇ ಬಣ್ಣವನ್ನೋ ದಪ್ಪನಾಗಿ ಬಳಿಯಿರಿ. ಏನೂ ಇಲ್ಲದಿದ್ದರೆ ಸಗಣಿ ಆದೀತು. ಪಕ್ಕಗಳಿಗಿಂತ ತುದಿಯಿಂದ ನೀರು ಹತ್ತು ಪಟ್ಟು ಬೇಗ ಹೋಗುತ್ತದೆ, ಅದಕ್ಕೇ ತುದಿ ಸೀಳುವುದು. ನೆರಳಲ್ಲಿ, ಗಾಳಿ ಆಡುವ ಕಡೆ, ನೆಲಕ್ಕೆ ತಾಗದ ಹಾಗೆ ತಿಂಗಳುಗಟ್ಟಲೆ ಒಣಗಲಿ. ನಮ್ಮ ಕಡೆಯ ಮಾರ್ಚ್-ಏಪ್ರಿಲ್ ಬಿಸಿಲಿಗೆ ಮಾತ್ರ ಇಡಲೇಬೇಡಿ. ಒಣಗಿದೆಯಾ ಅಂತ ತಿಳಿಯಲು ತಕ್ಕಡಿ ಸಾಕು. ವಾರಕ್ಕೊಮ್ಮೆ ತೂಗಿ, ತೂಕ ಇಳಿಯುವುದು ನಿಂತರೆ ಮರ ಸಿದ್ಧ.

ಉದ್ದ ಎರಡೂವರೆಯಿಂದ ಮೂರು ಅಡಿ. ಮುಷ್ಟಿ ಹಿಡಿದಾಗ ಬೆರಳ ತುದಿ ಅಂಗೈಗೆ ಇನ್ನೇನು ತಾಗಬೇಕು, ಅಷ್ಟು ದಪ್ಪ. ಗಾಜಿನ ಚೂರಲ್ಲಿ ಕೆರೆದರೆ ಮೈ ನುಣ್ಣಗಾಗುತ್ತದೆ, ಬೊಬ್ಬೆ ಬರುವುದಿಲ್ಲ.

ಗುದ್ದಲಿಯ ತೂತಿಗೆ ಕೂರುವ ತುದಿಯನ್ನು ಆತುರಪಡದೆ ಕೆತ್ತಿ. ಸ್ವಲ್ಪ ಕೆತ್ತುವುದು, ಸಿಕ್ಕಿಸಿ ನೋಡುವುದು, ಕಬ್ಬಿಣ ಉಜ್ಜಿ ಕಪ್ಪಾದ ಕಡೆ ಮಾತ್ರ ಮತ್ತೆ ಕೆತ್ತುವುದು. ಸುತ್ತಲೂ ಒಂದೇ ಸಮ ಕಪ್ಪು ಬಂದರೆ ಸರಿಯಾಗಿ ಕೂತಿದೆ ಎಂದು ಅರ್ಥ. ತುದಿಯಲ್ಲಿ ಗರಗಸದಿಂದ ಸೀಳು ಕೊಟ್ಟು, ಒಣಗಿದ ಜಾಲಿಯದ್ದೇ ಬೆಣೆ ಹೊಡೆಯಿರಿ. ಪಿಕಾಸಿಗೆ ಬೆಣೆ ಬೇಡ. ಅದರ ಕಾವಿನ ಒಂದು ತುದಿ ದಪ್ಪ ಇರುತ್ತದೆ, ಏಟು ಬಿದ್ದಷ್ಟೂ ತಾನೇ ಬಿಗಿಯಾಗುತ್ತದೆ.

ಕಾವು ಸಡಿಲವಾದರೆ ರಾತ್ರಿ ಗುದ್ದಲಿಯನ್ನು ನೀರಿನ ತೊಟ್ಟಿಗೆ ಹಾಕುವ ಅಭ್ಯಾಸ ಎಲ್ಲ ಕಡೆ ಇದೆ ಅಲ್ವಾ? ದಯವಿಟ್ಟು ಬಿಡಿ. ನೆನೆದ ಮರ ಉಬ್ಬುತ್ತದೆ, ಆದರೆ ಸುತ್ತ ಕಬ್ಬಿಣ ಇರುವುದರಿಂದ ಜಾಗ ಇಲ್ಲ. ತನ್ನನ್ನೇ ತಾನು ಅದುಮಿಕೊಳ್ಳುತ್ತದೆ, ಎಳೆಗಳು ಜಜ್ಜಿಹೋಗುತ್ತವೆ. ಒಣಗಿದಾಗ ಮೊದಲಿಗಿಂತ ಸಣ್ಣದಾಗುತ್ತದೆ. ಬೆಳಿಗ್ಗೆ ಬಿಗಿ, ನಾಲ್ಕು ದಿನಕ್ಕೆ ಇನ್ನೂ ಸಡಿಲ. ಇದರ ಬದಲು ಬೆಣೆಯನ್ನು ಒಳಗೆ ಬಡಿಯಿರಿ, ಸಾಲದಿದ್ದರೆ ಸ್ವಲ್ಪ ದಪ್ಪನೆಯ ಹೊಸ ಬೆಣೆ ಹಾಕಿ.

ಕೊನೆಗೆ ಅಗಸೆ ಎಣ್ಣೆ. ಬಟ್ಟೆಯಲ್ಲಿ ತೆಳ್ಳಗೆ ಸವರಿ, ಒಣಗಿದ ಮೇಲೆ ಇನ್ನೊಮ್ಮೆ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾಗಿದ್ದರೆ ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಬಯಲಲ್ಲಿ ಹರಡಿ ಪೂರ್ತಿ ಒಣಗಿಸಿ, ಇಲ್ಲವೇ ನೀರಲ್ಲಿ ನೆನೆಸಿಡಿ.