ಕಬಡ್ಡಿ ವರದಿಗೆ ಹಾಳೆಯಲ್ಲೊಂದು ಗೆರೆ
ಕ್ರೀಡಾ ಪತ್ರಿಕೋದ್ಯಮ ಓದುತ್ತಿರುವವರಿಗೆ: ಕಬಡ್ಡಿ ವರದಿಗೆ ಕೂತಾಗ ಹಾಳೆಯ ಎಡಕ್ಕೆ ಮೂರು ಬೆರಳಗಲ ಬಿಟ್ಟು ಉದ್ದಕ್ಕೆ ಗೆರೆ ಎಳೆಯಿರಿ. ಎಡಗಡೆ ಸಮಯ, ಸ್ಕೋರು ('31ನೇ ನಿ., 24-22'); ಬಲಗಡೆ ಯಾರು ಏನು ಮಾಡಿದರು. ಆಲೌಟ್ (ಒಂದು ತಂಡದವರೆಲ್ಲ ಔಟ್), ಸೂಪರ್ ಟ್ಯಾಕಲ್‌ಗೆ (ಅಂಕಣದಲ್ಲಿ ಮೂರೋ ಅದಕ್ಕಿಂತ ಕಡಿಮೆಯೋ ಮಂದಿ ಉಳಿದಾಗ ರೈಡರ್‌ನನ್ನು ಹಿಡಿಯುವುದು) ಮಾತ್ರ ಸುತ್ತು ಹಾಕಿ. ಒಂದು ರೈಡ್‌ಗೆ ಇರುವುದೇ 30 ಸೆಕೆಂಡು, ಆಟ ಮುಗಿಯುವಷ್ಟರಲ್ಲಿ ತಲೆಯಲ್ಲಿ ಎಲ್ಲ ಕಲಸುಮೇಲೋಗರ. ಪಂದ್ಯ ತಿರುಗಿದ ಜಾಗ ಬಹುತೇಕ ಆ ಸುತ್ತುಗಳಲ್ಲೇ ಸಿಗುತ್ತದೆ, ವರದಿಯ ಮೊದಲ ಸಾಲೂ ಅಲ್ಲೇ. ಅಂಕ ಬಾರದ ಖಾಲಿ ರೈಡ್‌ಗೆ ಒಂದು ಚುಕ್ಕೆ ಸಾಕು. ಬರೆಯುತ್ತ ಕೂತರೆ ಮುಂದಿನದು ತಪ್ಪುತ್ತದೆ. ಈ ಲೆಕ್ಕ ಕೈಕೊಡುವುದು ತಂಡ ರಿವ್ಯೂ (ತೀರ್ಪಿನ ಮರುಪರಿಶೀಲನೆ) ಕೇಳಿದಾಗ. ಅಂಕ ವಾಪಸ್ ಹೋಯಿತೋ, ಅಲ್ಲಿಂದ ಕೆಳಗಿನ ಸ್ಕೋರೆಲ್ಲ ತಪ್ಪು. ಅದಕ್ಕೇ ಪೆನ್ನು ಬೇಡ, ಪೆನ್ಸಿಲ್ಲೇ ಇರಲಿ.