ಮಕ್ಕಳನ್ನೂ ಮಂದೆಗೆ ಸೇರಿಸುವ ನಾಯಿ

ನಮ್ಮ ಮನೆಯ ರಫ್ ಕಾಲಿ (Rough Collie) ತಳಿಯ ನಾಯಿಯನ್ನು ನೋಡಿದವರೆಲ್ಲ ಮೊದಲು ಕೇಳುವುದು ಕೂದಲಿನ ವಿಚಾರ. ಮನೆ ತುಂಬ ಉದುರುವುದಿಲ್ಲವೇ ಅಂತ. ಉದುರುತ್ತದೆ, ಧಾರಾಳವಾಗಿಯೇ ಉದುರುತ್ತದೆ. ಆದರೆ ಅದು ಕೈಗೆ ರೂಢಿಯಾಗಿಬಿಡುವ ಕೆಲಸ. ನನಗೆ ಹೆಚ್ಚು ತಾಳ್ಮೆ ಬೇಡಿದ್ದು ಇವಳ ಕುರಿ ಕಾಯುವ ಬುದ್ಧಿ.

ಇದು ಸ್ಕಾಟ್ಲೆಂಡಿನ ಕುರಿಗಾಹಿಗಳ ತಳಿ. 1860ರ ದಶಕದಲ್ಲಿ ವಿಕ್ಟೋರಿಯಾ ರಾಣಿಗೆ ಅಲ್ಲಿನ ಬಾಲ್ಮೋರಲ್ ಅರಮನೆಯಲ್ಲಿ ಇವುಗಳ ಮೇಲೆ ಮನಸ್ಸಾಗಿ, ಆಮೇಲೆ ದೊಡ್ಡವರ ಮನೆಗಳಿಗೂ ನಾಯಿ ಪ್ರದರ್ಶನಗಳಿಗೂ ಬಂದವು. ಮನೆಯೊಳಗೆ ಬಂದರೂ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಮಕ್ಕಳು ಓಡತೊಡಗಿದರೆ ಸಾಕು, ಇವಳು ಸುತ್ತುಹಾಕಿ ಬಂದು ಎದುರಿಗೆ ಅಡ್ಡ ನಿಲ್ಲುತ್ತಾಳೆ, ಬೊಗಳುತ್ತಾಳೆ, ಹಿಮ್ಮಡಿಗೆ ಮೂತಿ ತಿವಿಯುತ್ತಾಳೆ. ಉತ್ಸಾಹ ಮಿತಿಮೀರಿದರೆ ಮುಂಬಲ್ಲಿನಿಂದ ಬಟ್ಟೆ ಚಿವುಟುವುದೂ ಉಂಟು. ಅದರಲ್ಲಿ ಸಿಟ್ಟಿಲ್ಲ, ಚದುರಿದ್ದನ್ನು ಒಟ್ಟುಗೂಡಿಸುವ ಹಟ ಅಷ್ಟೆ. ಆದರೂ ಸಣ್ಣ ಮಗು ಬಿದ್ದೇಬೀಳುತ್ತದೆ. ‘ಆಟವಾಡುತ್ತಿದೆ, ಇರಲಿ ಬಿಡಿ’ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ನಾನು ಮಾಡಿದ್ದು ಇಷ್ಟು. ಮಕ್ಕಳ ಆಟದ ಹೊತ್ತಿಗೆ ಇವಳಿಗೆ ಉದ್ದನೆಯ ಹಗ್ಗ ಕಟ್ಟಿ ಪಕ್ಕದಲ್ಲೇ ಕೂತೆ. ಓಡುವ ಮೊದಲು ಇವಳ ಮೈಯೇ ಸೂಚನೆ ಕೊಡುತ್ತದೆ: ತಲೆ ತಗ್ಗುತ್ತದೆ, ದೃಷ್ಟಿ ಒಂದೇ ಕಡೆ ನೆಡುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ. ಸರಿಯಾಗಿ ಆ ಕ್ಷಣಕ್ಕೆ ಹೆಸರು ಹಿಡಿದು ಕರೆಯಬೇಕು; ತಿರುಗಿ ನೋಡಿದರೆ ತಿನಿಸು. ಓಟ ಶುರುವಾದ ಮೇಲೆ ಕೂಗಿದರೆ ಕಿವಿಗೇ ಬೀಳುವುದಿಲ್ಲ. ಮಕ್ಕಳಿಗೂ ಒಂದು ಪಾಠ ಆಯಿತು: ನಾಯಿ ಬೆನ್ನಟ್ಟಿದರೆ ಕಿರುಚಬೇಡಿ, ಓಡಬೇಡಿ, ಕೈಕಟ್ಟಿ ನಿಂತುಬಿಡಿ. ನಿಂತವರನ್ನು ಅಟ್ಟುವುದರಲ್ಲಿ ಇವಳಿಗೆ ಏನೂ ಸ್ವಾರಸ್ಯವಿಲ್ಲ.

ಬರೀ ತಡೆದರೆ ಸಾಲದು, ಬದಲಿಗೆ ಕೆಲಸ ಕೊಡಬೇಕು. ಆಟಿಕೆ ಬಚ್ಚಿಟ್ಟು ಮೂಸಿ ಹುಡುಕಿಸುವುದು, ಮನೆಯವರ ಹೆಸರು ಹೇಳಿ ‘ಕರ್ಕೊಂಡು ಬಾ’ ಅಂತ ಕಳಿಸುವುದು. ಈ ಎರಡನೆಯ ಆಟ ಇವಳಿಗೆ ಪಂಚಪ್ರಾಣ. ಮಂದೆಯ ಕೆಲಸವೇ ತಾನೆ ಅದು! ಒಂದು ಎಚ್ಚರ, ಗದರಿಕೆ ಈ ತಳಿಗೆ ಒಗ್ಗುವುದಿಲ್ಲ. ದನಿ ಏರಿದರೆ ಕಿವಿ ಹಿಂದಕ್ಕೆ ಮಡಚಿ, ತುಟಿ ನೆಕ್ಕುತ್ತ ಮೂಲೆ ಸೇರುತ್ತಾಳೆ. ಆಮೇಲೆ ಅವತ್ತು ಏನು ಹೇಳಿಕೊಟ್ಟರೂ ತಲೆಗೆ ಹತ್ತುವುದಿಲ್ಲ.

ಇನ್ನು ಕೂದಲು. ಮೇಲೆ ಒರಟಾದ ಉದ್ದ ಕೂದಲು, ಅಡಿಯಲ್ಲಿ ಹತ್ತಿಯಂಥ ಒಳಗೂದಲು. ಮೇಲೆ ಮೇಲೆ ಬ್ರಷ್ ಎಳೆದರೆ ನೋಡಲು ನಯವಾಗಿರುತ್ತದೆ, ಒಳಗೆ ಸಿಕ್ಕುಗಟ್ಟುತ್ತಲೇ ಇರುತ್ತದೆ. ನಾನು ಇವಳನ್ನು ಮಗ್ಗುಲಾಗಿ ಮಲಗಿಸಿ, ತೆಳುವಾಗಿ ನೀರು ಚಿಮುಕಿಸಿ, ಹೊಟ್ಟೆಯ ಕಡೆಯಿಂದ ಶುರುಮಾಡುತ್ತೇನೆ. ಎಡಗೈಯಿಂದ ಕೂದಲನ್ನು ಮೇಲಕ್ಕೆತ್ತಿ ಹಿಡಿದರೆ ಚರ್ಮದ ಬಿಳಿ ಗೆರೆ ಕಾಣಬೇಕು. ಆ ಗೆರೆಯಿಂದ ಕೆಳಕ್ಕೆ ಬಾಚಿ, ಇನ್ನೊಂದು ಪದರ ಇಳಿಸಿ, ಮತ್ತೆ ಬಾಚಿ, ಹೀಗೆ ಬೆನ್ನಿನವರೆಗೆ. ಕೊನೆಗೆ ಲೋಹದ ಬಾಚಣಿಗೆ. ಅದು ತಡೆದು ನಿಂತಲ್ಲಿ ಗಂಟಿದೆ ಅಂತಲೇ ಅರ್ಥ. ಕಿವಿಯ ಹಿಂದೆ, ಮುಂಗಾಲ ಸಂದಿಯಲ್ಲಿ, ತೊಡೆಯ ಹಿಂಭಾಗದಲ್ಲಿ ತಪ್ಪದೆ ಸಿಗುತ್ತವೆ. ಗಂಟನ್ನು ಬೆರಳಿನಿಂದ ಬಿಡಿಸಿಕೊಂಡು, ಮೊದಲು ಕೂದಲಿನ ತುದಿ ಬಾಚಿ, ಆಮೇಲೆ ಸ್ವಲ್ಪ ಸ್ವಲ್ಪವೇ ಬುಡದ ಕಡೆಗೆ ಹೋಗಬೇಕು. ಸ್ನಾನ ಆಮೇಲೆಯೇ, ಪೂರ್ತಿ ನೆನೆದ ಗಂಟು ಇನ್ನಷ್ಟು ಬಿಗಿಯುತ್ತದೆ. ಒಳಗೂದಲು ಬುಡದವರೆಗೆ ಒಣಗದಿದ್ದರೆ ಚರ್ಮ ಹುಣ್ಣಾಗಬಹುದು.

ಸೆಖೆಯೆಂದು ಬೋಳಿಸುವುದು ಬೇಡ. ಚರ್ಮಕ್ಕೆ ಬಿಸಿಲಿನಿಂದ ಇರುವ ಮರೆ ಹೋಗುತ್ತದೆ, ಮತ್ತೆ ಬೆಳೆಯುವಾಗ ಕೂದಲು ಮೊದಲಿನಂತೆ ಬಾರದಿರಬಹುದು. ತಂಪು ಹೊತ್ತು ನೋಡಿಕೊಂಡು ಅಡ್ಡಾಡಿಸಲು ಕರೆದೊಯ್ದರಾಯಿತು.

ಎಲ್ಲಕ್ಕಿಂತ ಮುಖ್ಯವಾದ ಮಾತು ಔಷಧಿಯದು. ಕಾಲಿಗಳಲ್ಲಿ ಬಹಳಷ್ಟಕ್ಕೆ ಎಂಡಿಆರ್1 ಎಂಬ ಜೀನ್‌ನಲ್ಲಿ ದೋಷವಿರುತ್ತದೆ. ಮಿದುಳಿಗೆ ನುಗ್ಗದಂತೆ ಕೆಲವು ಔಷಧಿಗಳನ್ನು ಹೊರಹಾಕುವ ವ್ಯವಸ್ಥೆಯೇ ಅಂಥವಕ್ಕೆ ಸರಿಯಿರುವುದಿಲ್ಲ. ಹುಳಕಜ್ಜಿಗೆ ಕೊಡುವ ದೊಡ್ಡ ಪ್ರಮಾಣದ ಐವರ್‌ಮೆಕ್ಟಿನ್, ಭೇದಿಗೆ ಮನುಷ್ಯರು ನುಂಗುವ ಲೋಪರಮೈಡ್, ಇವೆಲ್ಲ ಪ್ರಾಣಕ್ಕೇ ಕುತ್ತು. ಕುದುರೆ, ಕುರಿಗಳಿಗೆ ಜಂತಿನ ಮದ್ದು ಹಾಕಿರುವ ಕಡೆ ಅವುಗಳ ಲದ್ದಿ, ಹಿಕ್ಕೆ ತಿನ್ನಲೂ ಬಿಡಬಾರದು. ಕೆನ್ನೆಯ ಒಳಭಾಗದಿಂದ ಹತ್ತಿಕಡ್ಡಿಯಲ್ಲಿ ಮಾದರಿ ತೆಗೆದು ಪರೀಕ್ಷೆ ಮಾಡಿಸಬಹುದು. ಇವಳಿಗೆ ತಂದೆ ತಾಯಿ ಇಬ್ಬರಿಂದಲೂ ದೋಷವಿರುವ ಜೀನೇ ಬಂದಿದೆ. ಫಲಿತಾಂಶದ ಪ್ರತಿಯನ್ನು ಲಸಿಕೆ ಪುಸ್ತಕದ ಮೊದಲ ಪುಟಕ್ಕೇ ಅಂಟಿಸಿದ್ದೇನೆ; ಹೊಸ ವೈದ್ಯರ ಬಳಿ ಹೋದರೆ ಮೊದಲು ಅದನ್ನೇ ತೋರಿಸುವುದು.

ಮರಿ ತರುವವರು ಬಣ್ಣಕ್ಕೆ ಮರುಳಾಗುವ ಮುಂಚೆ ಕಣ್ಣಿನ ವರದಿ ಕೇಳಿ. ಕಾಲಿಗಳಿಗೆ ಹುಟ್ಟಿನಿಂದಲೇ ಬರುವ ಕಣ್ಣಿನ ದೋಷವೊಂದಿದೆ. ಮರಿಗೆ ಆರರಿಂದ ಎಂಟು ವಾರವಾಗುವಾಗ ತಜ್ಞರು ನೋಡಿದರೆ ಚೆನ್ನಾಗಿ ಗೊತ್ತಾಗುತ್ತದೆ. ನೀಲಿ-ಬೂದು ಮಚ್ಚೆಯ ಮರ್ಲ್ ಬಣ್ಣ ಬೇಕೆನ್ನುವವರು ತಂದೆ ತಾಯಿ ಇಬ್ಬರೂ ಮರ್ಲ್ ಆಗಿದ್ದಾರೆಯೇ ಎಂದೂ ವಿಚಾರಿಸಿ. ಅಂಥ ಜೋಡಿಗೆ ಕಿವುಡು, ಕುರುಡು ಮರಿಗಳು ಹುಟ್ಟುವ ಅಪಾಯವಿದೆ. ಗೊತ್ತಿದ್ದೂ ಹಾಗೆ ಕೂಡಿಸುವವರ ಹತ್ತಿರ ನಾನಂತೂ ಮರಿ ತರುವುದಿಲ್ಲ.