ಹೊಸ ಕಂಪ್ಯೂಟರಿಗೆ ಯಾವ ಡಿಸ್ಕ್, ಎಷ್ಟು ಜಾಗ?

ಶಿರಸಿ ಪೇಟೆಗೆ ಹೋಗಿ ಕಂಪ್ಯೂಟರ್ ಮಾಡಿಸುವಾಗ ಅಂಗಡಿಯವರು ಮೊದಲು ಕೇಳುವುದೇ 'ಎಷ್ಟು ಟಿಬಿ ಹಾಕಲಿ?' ಅಂತ (ಒಂದು ಟಿಬಿ ಅಂದರೆ ಸುಮಾರು ಸಾವಿರ ಜಿಬಿ ಜಾಗ). ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿ. ತೋಟದ ಲೆಕ್ಕ, ಸೊಸೈಟಿ ಕಾಗದಪತ್ರಕ್ಕೆಲ್ಲ ಹೆಚ್ಚು ಜಾಗ ಬೇಡ, ಜಾಗ ನುಂಗುವುದು ವಿಡಿಯೊ. ಯಕ್ಷಗಾನದ ಹುಚ್ಚು ಇದ್ದವರು ನೋಡಿ, ಸೆಕೆಂಡಿಗೆ 50 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡಿದರೆ ಗಂಟೆಗೆ ಸುಮಾರು 22 ಜಿಬಿ, ಬೆಳಗಿನವರೆಗೆ 8 ಗಂಟೆ ಆಟ ನಡೆದರೆ ಹತ್ತಿರ ಹತ್ತಿರ 180 ಜಿಬಿ ಆಗುತ್ತದೆ.

ವಿಂಡೋಸ್ ಮತ್ತು ಸಾಫ್ಟ್‌ವೇರ್ ಎಸ್‌ಎಸ್‌ಡಿಯಲ್ಲೇ (ತಿರುಗುವ ತಟ್ಟೆ ಇಲ್ಲದ, ಚಿಪ್‌ನಲ್ಲಿ ಮಾಹಿತಿ ಇಡುವ ವೇಗದ ಡಿಸ್ಕ್) ಇರಲಿ. ಇದರಲ್ಲಿ ಚೌಕಾಸಿ ಬೇಡ. ಮನೆ ಬಳಕೆಗೆ 500 ಜಿಬಿ ಸಾಕು. ಎಂ.2 ಅಂದ ಮಾತ್ರಕ್ಕೆ ವೇಗ ಜಾಸ್ತಿ ಅಂದುಕೊಳ್ಳಬೇಡಿ, ಅದು ಎಸ್‌ಎಸ್‌ಡಿಯ ಬರೀ ಆಕಾರ, ಕಂಪ್ಯೂಟರಿನ ಮುಖ್ಯ ಬೋರ್ಡಿಗೆ (ಮದರ್‌ಬೋರ್ಡ್) ನೇರ ಕೂರುವ ಸಣ್ಣ ಪಟ್ಟಿ. ಅದೇ ಆಕಾರದಲ್ಲಿ ಸಾಟಾ (ಹಳೆಯ, ನಿಧಾನದ ಸಂಪರ್ಕ ವಿಧಾನ) ಕೂಡ ಬರುತ್ತದೆ, ಸೆಕೆಂಡಿಗೆ 550 ಎಂಬಿ ಆಸುಪಾಸಿಗೆ ನಿಲ್ಲುತ್ತದೆ. ಎನ್‌ವಿಎಂಇ (ಹೊಸ, ವೇಗದ ವಿಧಾನ) ಆದರೆ ಮೂರನೇ ತಲೆಮಾರಿನದೂ ಸೆಕೆಂಡಿಗೆ 3500 ಎಂಬಿ ಹತ್ತಿರ ಹೋಗುತ್ತದೆ. ಮದರ್‌ಬೋರ್ಡ್ ಯಾವುದನ್ನು ತಗೊಳ್ಳುತ್ತದೆ ಅಂತ ಅದರ ಕೈಪಿಡಿ ನೋಡಿಯೇ ದುಡ್ಡು ಕೊಡಿ. ಐದನೇ ತಲೆಮಾರಿನದು? ಟೈಪಿಂಗ್, ಬ್ಯಾಂಕ್ ಕೆಲಸಕ್ಕೆ ಸುಮ್ನೆ ದಂಡ.

ವಿಡಿಯೊ ರಾಶಿ ಇದ್ದರೆ ಮಾತ್ರ ಜೊತೆಗೆ 4 ಟಿಬಿ ಹಾರ್ಡ್ ಡಿಸ್ಕ್ ಹಾಕಿಸಿ. ಅಷ್ಟು ಜಾಗಕ್ಕೆ ಎಸ್‌ಎಸ್‌ಡಿಗಿಂತ ಅದೇ ಅಗ್ಗ. ವಿಂಡೋಸ್ ಅದನ್ನು 3.63 ಟಿಬಿ ಅಂತ ತೋರಿಸುತ್ತದೆ, ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಬೈಟಿನಿಂದ ಟಿಬಿವರೆಗೆ ಪ್ರತಿ ಹಂತಕ್ಕೂ ಕಂಪನಿ 1000ದ ಲೆಕ್ಕ ಹಿಡಿದರೆ ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ, ಅಷ್ಟೇ.

ಎರಡು ಡಿಸ್ಕ್ ಹಾಕಿಸಿ ರೇಡ್ 1 (ಎರಡರಲ್ಲೂ ಒಂದೇ ಮಾಹಿತಿ ಒಟ್ಟಿಗೇ ಬರೆಯುವ ಜೋಡಣೆ) ಮಾಡಿಸಿ, ಬ್ಯಾಕಪ್ ಚಿಂತೆಯೇ ಇಲ್ಲ ಅನ್ನುವವರೂ ಇದ್ದಾರೆ. ಅದು ಬ್ಯಾಕಪ್ ಅಲ್ಲವೇ ಅಲ್ಲ. ಒಂದು ಡಿಸ್ಕ್ ಕೆಟ್ಟರೆ ಇನ್ನೊಂದರಲ್ಲಿ ಕೆಲಸ ನಡೆಯುತ್ತದೆ, ನಿಜ. ಆದರೆ ನೀವು ತಪ್ಪಿ ಅಳಿಸಿದ ಫೈಲ್ ಎರಡರಲ್ಲೂ ಒಟ್ಟಿಗೇ ಹೋಗುತ್ತದೆ, ಮಳೆಗಾಲಕ್ಕೆ ಮುಂಚಿನ ಗುಡುಗು ಸಿಡಿಲಿಗೆ ಕರೆಂಟ್ ಲೈನಿನಲ್ಲಿ ಏಟು ಬಂದರೆ ಎರಡೂ ಒಂದೇ ಪೆಟ್ಟಿಗೆ ಸುಟ್ಟುಹೋಗಬಹುದು. ಆ ದುಡ್ಡಿಗೆ ಒಂದು ಎಕ್ಸ್‌ಟರ್ನಲ್ ಡಿಸ್ಕ್ ತಗೊಳ್ಳಿ. ವಾರಕ್ಕೊಮ್ಮೆ ಕಾಪಿ ಮಾಡಿ, ಕೇಬಲ್ ಕಿತ್ತು ಕಪಾಟಿನಲ್ಲಿಡಿ. ಕಾರವಾರ, ಅಂಕೋಲಾ ಕಡೆ ಉಪ್ಪುಗಾಳಿ ಇದ್ದೇ ಇದೆಯಲ್ವಾ, ಅಲ್ಲಿಯವರು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಒಳ್ಳೆಯದು. ಯುಪಿಎಸ್ ಅಂತೂ ಬೇಕೇ ಬೇಕು.

ವಿಂಡೋಸ್ ಹಾಕುವಾಗ ಎಸ್‌ಎಸ್‌ಡಿ ಒಂದನ್ನೇ ಜೋಡಿಸಿರಲಿ. ಇಲ್ಲದಿದ್ದರೆ ಬೂಟ್ ಭಾಗ (ಕಂಪ್ಯೂಟರ್ ಶುರು ಮಾಡುವ ಫೈಲುಗಳು) ಹಾರ್ಡ್ ಡಿಸ್ಕಿನಲ್ಲಿ ಕೂತುಬಿಡಬಹುದು, ಆಮೇಲೆ ಆ ಡಿಸ್ಕ್ ತೆಗೆದ ದಿನ ಕಂಪ್ಯೂಟರ್ ಶುರುವೇ ಆಗುವುದಿಲ್ಲ.